ಸತ್ಯಪ್ರಕಾಶರು ಹೇಳಿದ ಥ್ಯಾಂಕ್ಸು

ಐರ್ಲೆಂಡಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬ ಇಲ್ಲ. ನವೆಂಬರಿನ ಆ ಗುರುವಾರ ಅಮೆರಿಕಕ್ಕೆ ಅಮೆರಿಕವೇ ಟರ್ಕಿ ಕೋಳಿಯ ಮುಂದೆ ಕೂತು ಕೃತಜ್ಞತೆಯಿಂದ ಬಾಯಿ ಚಪ್ಪರಿಸುತ್ತಿರುವಾಗ, ಇಲ್ಲಿಯ ಜನ ಕಸದ ಡಬ್ಬಿ ಹೊರಗಿಟ್ಟು, ಬಾರದ ಬಸ್ಸಿಗೆ ಕಾದು, ಎಂದಿನಂತೆ ಕೆಲಸಕ್ಕೆ ಹೋಗುತ್ತಾರೆ. ಡಬ್ಲಿನ್ ಅಂಚಿನ ಲೂಕನ್ನಿನಲ್ಲಿ ಮನೆ ಮಾಡಿಕೊಂಡು ಇಷ್ಟು ವರ್ಷವಾದ ಸತ್ಯಪ್ರಕಾಶರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಅವರು ಬಾಯಿ ಬಿಟ್ಟರು.

ಆದದ್ದಿಷ್ಟು. ಆಫೀಸಿನ ವಿಡಿಯೋ ಮೀಟಿಂಗಿನಲ್ಲಿ, ಒಹಾಯೋದಲ್ಲಿ ಕೂತ ಡೈರೆಕ್ಟರ್ ಮೇಡಂ, "ಡಬ್ಲಿನ್ನಿನವರು ಥ್ಯಾಂಕ್ಸ್‌ಗಿವಿಂಗಿಗೆ ಏನು ಮಾಡುತ್ತೀರಿ?" ಎಂದು ಲೋಕಾಭಿರಾಮವಾಗಿ ಕೇಳಿದರು. ಐರಿಷ್ ಸಹೋದ್ಯೋಗಿಗಳು ಮೈಕ್ ಆಫ್ ಮಾಡಿಕೊಂಡು ನಕ್ಕರು. ಸತ್ಯಪ್ರಕಾಶರ ಮೈಕ್ ಆನ್ ಆಗಿತ್ತು. ಹೊಸ ಪ್ರಾಜೆಕ್ಟಿಗೆ ಲೀಡ್ ಯಾರೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

"ದೊಡ್ಡ ಫ್ಯಾಮಿಲಿ ಡಿನ್ನರ್ ಮೇಡಂ. ಪ್ರತಿ ವರ್ಷ. ತಂಗಿ, ತಮ್ಮ ಎಲ್ಲರೂ ಬರ್ತಾರೆ," ಎಂದುಬಿಟ್ಟರು.

ಮೇಡಂ ಅರಳಿದರು. ತಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ಯಾವುದಕ್ಕೆ ಕೃತಜ್ಞರು ಎಂದು ಹೇಳುವ ಸಂಪ್ರದಾಯವಿದೆ ಎಂದರು. ನಮ್ಮಲ್ಲೂ ಹಾಗೇ ಎಂದರು ಸತ್ಯಪ್ರಕಾಶರು. ಹಾಗಾದರೆ ಆವತ್ತು ವಿಡಿಯೋದಲ್ಲಿ ನಿಮ್ಮ ಟೇಬಲ್ಲಿಗೆ ಬಂದು ಎಲ್ಲರಿಗೂ ಹಲೋ ಹೇಳುತ್ತೇನೆ ಎಂದರು ಮೇಡಂ. ಮೀಟಿಂಗ್ ಮುಗಿಯಿತು. ಸತ್ಯಪ್ರಕಾಶರ ಮನೆಯಲ್ಲಿ ಅನಾದಿ ಕಾಲದಿಂದ ನಡೆದು ಬಂದ ಥ್ಯಾಂಕ್ಸ್‌ಗಿವಿಂಗ್ ಆ ಕ್ಷಣದಲ್ಲಿ ಹುಟ್ಟಿತು.

"ಅಮೆರಿಕದ ಹಬ್ಬ ನಮಗ್ಯಾಕ್ರೀ?" ಎಂದಳು ಹೆಂಡತಿ ಶರ್ಮಿಳಾ. "ದೀಪಾವಳಿಗೇ ನಾನು ಹೋಳಿಗೆ ಮಾಡ್ಲಿಲ್ಲ."

"ಹೋಳಿಗೆ ಬೇಡ ಶರ್ಮಿ. ಟರ್ಕಿ ಮಾಡು."

ಶರ್ಮಿಳಾ ಒಮ್ಮೆ ದೇವರ ಗೂಡಿನ ಕಡೆ, ಒಮ್ಮೆ ಗಂಡನ ಕಡೆ ನೋಡಿದಳು. ಮೊಟ್ಟೆ ಹಾಕಿದ ಕೇಕನ್ನು ಕೂಡ ಕಿಟಕಿ ತೆಗೆದಿಟ್ಟು ತಿನ್ನುವ ಮನೆ ಅದು.

"ವೆಜಿಟೇರಿಯನ್ ಟರ್ಕಿ ಕಣೆ," ಎಂದು ಸತ್ಯಪ್ರಕಾಶರು ಗಡಿಬಿಡಿಯಿಂದ ಸೇರಿಸಿದರು.

"ಡ್ಯಾಡ್, ವಿ ಆರ್ ನಾಟ್ ಈವನ್ ಅಮೆರಿಕನ್," ಎಂದಳು ಮಗಳು ಸ್ಪಂದನಾ. ಲೂಕನ್ನಿನಲ್ಲೇ ಹುಟ್ಟಿದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಅಪ್ಪಟ ಐರಿಷ್ ರಾಗದಲ್ಲಿ ಬರುತ್ತಿತ್ತು.

ಕೊನೆಗೆ ಒಪ್ಪಂದವಾಯಿತು. ಇಡೀ ಹೂಕೋಸು ಒಂದಕ್ಕೆ ಮಸಾಲೆ ಬಳಿದು ಓವನ್ನಿನಲ್ಲಿ ಬೇಯಿಸುವುದು, ಅದೇ ಟರ್ಕಿ. ಟರ್ಕಿಯ ಡ್ರಮ್‌ಸ್ಟಿಕ್ಕನ್ನು ಮನೆಯ ಯಜಮಾನನಿಗೇ ಬಡಿಸಬೇಕು ಎಂದು ಎಲ್ಲೋ ಓದಿದ ಸತ್ಯಪ್ರಕಾಶರು ಇಂಡಿಯನ್ ಅಂಗಡಿಗೆ ಹೋಗಿ ಒಂದು ಕಟ್ಟು ನುಗ್ಗೇಕಾಯಿ ತಂದರು.

ಉಳಿದದ್ದು ಒಡಹುಟ್ಟಿದವರನ್ನು ಕರೆಯುವುದು. ತಂಗಿ ಜಯಶೀಲಾ ಕಾರ್ಕ್ ನಗರದ ಹಾಲಿಹಿಲ್‌ನಲ್ಲಿ ದೊಡ್ಡ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದಳು. ತಮ್ಮ ಗುರುದತ್ ಗಾಲ್ವೇಯ ಪಾರ್ಕ್‌ಮೋರ್‌ನಲ್ಲಿ ಹೃದಯಕ್ಕೆ ಹಾಕುವ ಸ್ಟೆಂಟ್ ತಯಾರಿಸುವ ಕಡೆ ಇದ್ದ. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ಇಬ್ಬರನ್ನೂ ಓದಿಸಿದವರು, ಒಬ್ಬೊಬ್ಬರನ್ನಾಗಿ ಐರ್ಲೆಂಡಿಗೆ ಎಳೆದುಕೊಂಡು ಬಂದವರು ಸತ್ಯಪ್ರಕಾಶರೇ. ಥ್ಯಾಂಕ್ಸ್‌ಗಿವಿಂಗ್ ಎಂದು ಮೊದಲೇ ಹೇಳಿದರೆ ಇಬ್ಬರೂ ನಗುತ್ತಾರೆ. ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಅವರು ಫ್ಯಾಮಿಲಿ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕಿದರು. ಆಗ ಅವರಿಗೆ ನೆಗಡಿಯಾಗಿತ್ತು. ಐರ್ಲೆಂಡಿನ ನವೆಂಬರಿನಲ್ಲಿ ನೆಗಡಿಯಾಗದವರು ಯಾರು?

"ಜಯಾ, ಗುರು... ಈ ಗುರುವಾರ ಇಬ್ಬರೂ ರಜಾ ಹಾಕಿ ಬನ್ನಿ. ಎಲ್ಲರೂ ಒಂದ್ಸಲ ಒಟ್ಟಿಗೆ ಕೂತು ಊಟ ಮಾಡೋಣ. ಇಷ್ಟು ವರ್ಷ ನೀವು ನನಗೆ ಏನೇನ್ ಮಾಡಿದೀರೋ, ಅದಕ್ಕೆಲ್ಲಾ ಥ್ಯಾಂಕ್ಸ್ ಹೇಳ್ಬೇಕು ಅನ್ನಿಸಿದೆ." ಇಲ್ಲಿ ಒಂದು ಕೆಮ್ಮು ಬಂತು. "ಮುಂದಿನ ವರ್ಷ ಹೇಗಿರುತ್ತೋ ಏನೋ."

ಮುಂದಿನ ವರ್ಷ ಮೇಡಂ ಬದಲಾದರೆ ಈ ಹಬ್ಬವೆಲ್ಲ ಯಾಕೆ ಬೇಕು ಎಂಬುದಷ್ಟೇ ಅದರ ತಾತ್ಪರ್ಯ.

ಆ ಮೆಸೇಜ್ ಕಾರ್ಕ್ ಮುಟ್ಟಿತು. ಜಯಶೀಲಾ ಅದನ್ನು ಕೇಳಿ ಕುರ್ಚಿಯ ಮೇಲೆ ಕೂತಳು. ಇನ್ನೊಮ್ಮೆ ಕೇಳಿ ತಮ್ಮನಿಗೆ ಫೋನ್ ಹಚ್ಚಿದಳು.

"ಗುರು, ಅಣ್ಣನ ಮೆಸೇಜ್ ಕೇಳಿದ್ಯಾ?"

"ಕೇಳ್ದೆ ಅಕ್ಕ."

"ಥ್ಯಾಂಕ್ಸ್ ಅಂದಿದಾನೆ ಕಣೋ."

"ನಂಗೂ ಡೌಟ್ ಬಂತು. ಹಿಂದಕ್ಕೆ ಹಾಕಿ ಮತ್ತೆ ಕೇಳ್ದೆ. ಥ್ಯಾಂಕ್ಸ್ ಅಂತಲೇ ಅಂದಿದಾನೆ."

ಅವರ ಗಾಬರಿಗೆ ಕಾರಣವಿತ್ತು. ಮೊದಲ ಸಂಬಳದಲ್ಲಿ ಜಯಶೀಲಾ ತಂದುಕೊಟ್ಟ ಷರ್ಟು ನೋಡಿ ಅಣ್ಣ ಹೇಳಿದ್ದು "ಕಾಲರ್ ಸರಿಯಿಲ್ಲ" ಎಂದು. ಗುರುದತ್ ಗಾಲ್ವೇಯಿಂದ ಹಿಮದಲ್ಲಿ ಕಾರೋಡಿಸಿಕೊಂಡು ಏರ್‌ಪೋರ್ಟಿಗೆ ಬಂದಾಗ ಹೇಳಿದ್ದು "ಲೇಟು" ಎಂದು. ಅಂಥ ಮನುಷ್ಯ ಥ್ಯಾಂಕ್ಸ್ ಹೇಳಬೇಕಾದರೆ ಡಾಕ್ಟರು ಅವನಿಗೆ ಅದಕ್ಕಿಂತ ದೊಡ್ಡದೇನನ್ನೋ ಹೇಳಿರಬೇಕು.

"ಹಾರ್ಟು," ಎಂದ ಗುರುದತ್. ಸ್ಟೆಂಟ್ ಮಾಡುವ ಕಡೆ ಕೆಲಸಕ್ಕೆ ಸೇರಿದಾಗಿನಿಂದ ಅವನಿಗೆ ಮನುಷ್ಯರೆಲ್ಲ ಬ್ಲಾಕ್ ಆದ ಕೊಳವೆಗಳಂತೆ ಕಾಣುತ್ತಿದ್ದರು.

"ಕೆಮ್ಮು ಕೇಳಿಸ್ಲಿಲ್ವಾ? ಲಂಗ್ಸು ಕಣೋ!" ಎಂದು ಜಯಶೀಲಾ ಅತ್ತಳು. "ಅತ್ತಿಗೆಗೆ ಗೊತ್ತೋ ಇಲ್ವೋ. ನೀನು ಅಲ್ಲಿ ಹೋಗಿ ಬಾಯಿ ಬಿಡ್ಬೇಡ. ಅಣ್ಣ ತಾನಾಗೇ ಹೇಳ್ಲಿ."

ಆಮೇಲೆ ಅವಳು ಧೈರ್ಯ ತಂದುಕೊಂಡು ಅಣ್ಣನಿಗೇ ಫೋನ್ ಮಾಡಿದಳು. "ಹೇಗಿದೀಯ ಅಣ್ಣ?"

"ನನಗೇನಾಗಿದೆ? ಗ್ರ್ಯಾಂಡ್ ಆಗಿದೀನಿ," ಎಂದರು ಸತ್ಯಪ್ರಕಾಶರು, ಚೆನ್ನಾಗಿದ್ದೇನೆ ಎಂಬುದಕ್ಕೆ ಐರಿಷರು ಹೇಳುವ ಹಾಗೆ, ಮೂಗು ಒರೆಸಿಕೊಳ್ಳುತ್ತ. "ಮಂಜೇಶ್‌ನೂ ಕರ್ಕೊಂಡು ಬಾ. ಎಲ್ಲಿ ಅವರು, ಫೋನ್ ಕೊಡು."

"ಅವರು... ಸ್ನಾನಕ್ಕೆ ಹೋಗಿದಾರೆ."

ಜಯಶೀಲಾಳ ಗಂಡ ಮಂಜೇಶ್ ಆಗಸ್ಟಿನಿಂದಲೂ ಸ್ನಾನಕ್ಕೆ ಹೋಗಿದ್ದ. ಸತ್ಯಪ್ರಕಾಶರು ಬೆಳಿಗ್ಗೆ ಕೇಳಲಿ, ಸಂಜೆ ಕೇಳಲಿ, ಮಂಜೇಶ್ ಸ್ನಾನದಲ್ಲೇ ಇರುತ್ತಿದ್ದ. ಈ ತಣ್ಣನೆಯ ದೇಶದಲ್ಲಿ ಇಷ್ಟು ಶುಚಿಯಾದ ಗಂಡಸು ಇನ್ನೊಬ್ಬನಿಲ್ಲ ಎಂದು ಅವರು ಶರ್ಮಿಳಾಳ ಹತ್ತಿರ ಹೊಗಳುತ್ತಿದ್ದರು.

ಫೋನಿಟ್ಟ ಜಯಶೀಲಾಳಿಗೆ ಸಮಾಧಾನವಾಗಲಿಲ್ಲ. ಅಣ್ಣನ ಪಕ್ಕದ ಮನೆಯ ನೋರೀನ್ ಎಂಬ ವಿಧವೆಯ ನಂಬರು ಅವಳ ಬಳಿಯಿತ್ತು. ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡು, ಅಣ್ಣನ ಮೇಲೆ ಒಂದು ಕಣ್ಣಿಟ್ಟಿರಿ ಎಂದು ಬೇಡಿಕೊಂಡಳು. ನೋರೀನ್ ಆಣೆಯಿಟ್ಟಳು. ಸಂಜೆಯ ಹೊತ್ತಿಗೆ ಆ ಬಡಾವಣೆಯ ಎರಡೂ ಸಾಲಿನ ಮನೆಗಳಿಗೆ, ಎದುರಿನ ಹುಲ್ಲುಗಾವಲಿನಲ್ಲಿ ನಾಯಿ ತಿರುಗಿಸುವವರಿಗೆ, ಮೂಲೆಯ ಅಂಗಡಿಯವನಿಗೆ, ಅವನ ಮೂಲಕ ಕನ್ನಡ ಸಂಘದವರಿಗೆ, ಎಲ್ಲರಿಗೂ ಯಾರಿಗೂ ಹೇಳಬಾರದೆಂಬುದು ತಿಳಿದಿತ್ತು.

ಮರುದಿನ ಸತ್ಯಪ್ರಕಾಶರು ಕಸದ ಡಬ್ಬಿ ಉರುಳಿಸಿಕೊಂಡು ಹೊರಗೆ ಬರುವಾಗ ಇಬ್ಬರು ಗಂಡಸರು ಓಡಿ ಬಂದು ಡಬ್ಬಿಯನ್ನು ಕೈಯಿಂದ ಕಿತ್ತುಕೊಂಡರು. ಅವರಲ್ಲೊಬ್ಬ, ಸತ್ಯಪ್ರಕಾಶರ ಕಾರು ತನ್ನ ಗೇಟಿಗೆ ಅಡ್ಡವಾಯಿತೆಂದು ವರ್ಷವಿಡೀ ಜಗಳವಾಡಿದವನು, "ಎಲ್ಲಿ ಬೇಕಾದರೂ ನಿಲ್ಲಿಸಿಕೋ, ಸ್ನೇಹಿತ," ಎಂದು ಭುಜ ತಟ್ಟಿದ. ನೋರೀನ್ ಬಂದು ಅವರ ಎರಡೂ ಕೈ ಹಿಡಿದುಕೊಂಡು, ಒದ್ದೆ ಕಣ್ಣಿನಲ್ಲಿ, "ಸಾರಿ ಫಾರ್ ಯುವರ್ ಟ್ರಬಲ್," ಎಂದಳು.

ಅದು ಐರ್ಲೆಂಡಿನಲ್ಲಿ ಸಾವಿನ ಮನೆಯವರಿಗೆ ಹೇಳುವ ಮಾತು. ಸತ್ತವರಿಗೇ ಮುಂಚಿತವಾಗಿ ಹೇಳುವ ಅವಕಾಶ ನೋರೀನಳಿಗೂ ಇದೇ ಮೊದಲು ಸಿಕ್ಕಿದ್ದು. ಸತ್ಯಪ್ರಕಾಶರಾದರೋ ಗುರುವಾರದ ಅಡುಗೆಯ ತೊಂದರೆಗೆ ಅವಳು ಮರುಗುತ್ತಿದ್ದಾಳೆ ಎಂದುಕೊಂಡರು.

"ಟ್ರಬಲ್ ಏನಿಲ್ಲ ನೋರೀನ್, ಖುಷಿಯಿಂದ ಮಾಡ್ತಿದೀನಿ," ಎಂದು ನಕ್ಕರು. "ಎಲ್ಲರೂ ಒಂದಲ್ಲ ಒಂದು ದಿನ ಮಾಡಲೇಬೇಕು. ಮುಂದಿನ ವರ್ಷ ನೀವೂ ಮಾಡಿ!"

ನೋರೀನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು. ಸಾವನ್ನು ಇಷ್ಟು ಹಗುರಾಗಿ ತೆಗೆದುಕೊಳ್ಳುವುದನ್ನು ಹಿಂದೂಗಳಿಂದ ಕಲಿಯಬೇಕು ಎಂದು ಆಮೇಲೆ ಬಹಳ ಜನರಿಗೆ ಹೇಳಿದಳಂತೆ. ಹೋಗುವ ಮುಂಚೆ ಅವಳು ಅವರ ಕೈಗೆ ಒಂದು ಕಾರ್ಡು ಕೊಟ್ಟಿದ್ದಳು. ಅವರ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಹೇಳಿಸಿದ್ದಕ್ಕೆ ಪಾದ್ರಿಗಳು ಸಹಿ ಮಾಡಿ ಕೊಡುವ ಕಾರ್ಡು. ಹೂವು, ದೀಪ, ತೆರೆದ ಸ್ವರ್ಗದ ಬಾಗಿಲು ಎಲ್ಲ ಇತ್ತು. ಚಂದದ ಗ್ರೀಟಿಂಗ್ ಕಾರ್ಡು ಎಂದು ಸತ್ಯಪ್ರಕಾಶರು ಅದನ್ನು ಊಟದ ಟೇಬಲ್ಲಿನ ನಡುವೆ ನಿಲ್ಲಿಸಿದರು.

ಗುರುವಾರ ಮಧ್ಯಾಹ್ನ ಕನ್ನಡ ಸಂಘದ ಕಾರ್ಯದರ್ಶಿ ಸುಹಾಸ್ ಬಾಗಿಲು ತಟ್ಟಿದ. ಪ್ರತಿ ವರ್ಷ ರಾಜ್ಯೋತ್ಸವದಲ್ಲಿ ಸಂಘ ಒಬ್ಬರಿಗೆ ಸನ್ಮಾನ ಮಾಡುತ್ತಿತ್ತು. ಪ್ರತಿ ವರ್ಷ ಸತ್ಯಪ್ರಕಾಶರು ಕುರ್ಚಿ ಜೋಡಿಸಿ, ಮೈಕ್ ಪರೀಕ್ಷಿಸಿ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಪ್ರತಿ ವರ್ಷ ಅದು ಬೇರೆ ಯಾರಿಗೋ ಹೋಗುತ್ತಿತ್ತು.

"ಸರ್, ಈ ಸಲದ ಸನ್ಮಾನ ನಿಮಗೆ," ಎಂದ ಸುಹಾಸ್. ಅವನ ಚೀಲದಲ್ಲಿ ಶಾಲು, ಹಾರ, ಮೈಸೂರು ಪೇಟ ಇದ್ದವು.

ಸತ್ಯಪ್ರಕಾಶರು ಚೀಲದೊಳಗೆ ಇಣುಕಿದರು. "ಕಾರ್ಯಕ್ರಮ ಇರೋದು ಶನಿವಾರ ಅಲ್ವೇನಪ್ಪಾ?"

"ಶನಿವಾರದ ತನಕ ಕಾಯೋದು ಬೇಡ ಅಂತ ಕಮಿಟಿ ತೀರ್ಮಾನ ಸರ್." ಸುಹಾಸ್ ಗಂಟಲು ಸರಿಮಾಡಿಕೊಂಡ. "ಹೋದ ವರ್ಷ ನಾನು ನಿಮ್ಮ ಹೆಸರು ಹೊಡೆದು ಹಾಕಿದ್ದೆ. ಮನಸ್ಸಿನಲ್ಲಿ ಇಟ್ಕೋಬೇಡಿ. ಕ್ಷಮಿಸಿಬಿಡಿ ಸರ್."

"ಛೇ ಛೇ, ಬಿಡಪ್ಪಾ," ಎಂದು ಸತ್ಯಪ್ರಕಾಶರು ತಲೆ ಬಗ್ಗಿಸಿ ಪೇಟ ತೊಡಿಸಿಕೊಂಡರು. ಹಾರವೂ ಬಿತ್ತು. ಸುಹಾಸ್ ಹಾರದ ಸತ್ಯಪ್ರಕಾಶರನ್ನು ಒಂದು ಕ್ಷಣ ನೋಡಿ, ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಓಡಿದ. ಎಂಥ ಭಾವುಕ ಹುಡುಗ ಎಂದುಕೊಂಡ ಸತ್ಯಪ್ರಕಾಶರು ಕನ್ನಡಿಯ ಮುಂದೆ ನಿಂತರು. ಮೇಡಂಗೆ ಈ ವೇಷದಲ್ಲೇ ಕಾಣಿಸಿಕೊಳ್ಳುವುದೆಂದು ತೀರ್ಮಾನವಾಯಿತು. ಹಾರ ಮಾತ್ರ ಬೇಡ ಎಂದು ಶರ್ಮಿಳಾ ಕಿತ್ತು ತೆಗೆದಳು. ಅವಳಿಗೇಕೋ ಅದು ಸರಿ ಕಾಣಲಿಲ್ಲ.

ನಾಲ್ಕೂವರೆಗೆಲ್ಲ ಕತ್ತಲಾಯಿತು. ಜಯಶೀಲಾ ರೈಲಿನಲ್ಲಿ ಬಂದಳು. ಬಾಗಿಲು ತೆಗೆದ ಅಣ್ಣನನ್ನು ಪೇಟ, ಶಾಲುಗಳಲ್ಲಿ ಕಂಡವಳೇ, ಹೋಗುವ ಮುಂಚಿನ ಕೊನೆಯ ಆಸೆಯಿರಬೇಕು ಎಂದುಕೊಂಡು ಕಾಲಿಗೆ ಬಿದ್ದಳು. ಗುರುದತ್ ಗಾಲ್ವೇಯಿಂದ ಕಾರಿನಲ್ಲಿ ಬಂದ. ಕಾರನ್ನು ಮನೆಯ ಮುಂದೆ ನಿಲ್ಲಿಸದೆ ತಿರುವಿನಲ್ಲಿ ನಿಲ್ಲಿಸಿ, ಒಬ್ಬನೇ ನಡೆದು ಬಂದು ಅವನೂ ಕಾಲಿಗೆ ಬಿದ್ದ. ಇಬ್ಬರೂ ಎದ್ದು ಅಣ್ಣನನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬಿಟ್ಟು, ಮೊಣಕಾಲಿಗೆ ಕಂಬಳಿ ಹೊದಿಸಿದರು. ಅಮೆರಿಕದವರು ಸುಮ್ಮನೆ ಈ ಹಬ್ಬ ಇಟ್ಟುಕೊಂಡಿಲ್ಲ ಎಂದು ಸತ್ಯಪ್ರಕಾಶರಿಗೆ ಅನ್ನಿಸಿತು.

"ನೀನು ಏಳ್ಬೇಡ ಅಣ್ಣ," ಎಂದ ಗುರುದತ್. "ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತಾ?"

"ನಾನ್ಯಾಕೆ ಹತ್ತಲಿ? ಊಟ ಇರೋದು ಕೆಳಗೆ."

ಟೇಬಲ್ಲಿನ ಮೇಲೆ ಹೂಕೋಸಿನ ಟರ್ಕಿ ಬಂತು. ಅದರ ಎರಡೂ ಪಕ್ಕಕ್ಕೆ ಚುಚ್ಚಿದ ಉದ್ದನೆಯ ನುಗ್ಗೇಕಾಯಿಗಳಿಂದಾಗಿ ಅದು ಕೋಳಿಗಿಂತ ಹೆಚ್ಚಾಗಿ, ಬೆನ್ನ ಮೇಲೆ ಬಿದ್ದು ಕಾಲೆತ್ತಿದ ಜೀರುಂಡೆಯ ಹಾಗೆ ಕಂಡಿತು. ಬಿಸಿಬೇಳೆಬಾತು, ಕ್ರ್ಯಾನ್‌ಬೆರಿ ಉಪ್ಪಿನಕಾಯಿ, ಮೈಸೂರುಪಾಕು ಸುತ್ತ ಕೂತವು. ಸ್ಪಂದನಾ ಲ್ಯಾಪ್‌ಟಾಪ್ ಹೊಂದಿಸಿದಳು. ಪರದೆಯ ಮೇಲೆ ಒಹಾಯೋದ ಮೇಡಂ, ಅವರ ಗಂಡ, ಮಕ್ಕಳು ಮತ್ತು ಒಂದು ನಿಜವಾದ ಟರ್ಕಿ ಮೂಡಿದವು. ಪೇಟವನ್ನು ಕಂಡು ಮೇಡಂ ಚಪ್ಪಾಳೆ ತಟ್ಟಿದರು.

"ಈಗ ನಮ್ಮ ಮನೆ ಸಂಪ್ರದಾಯ," ಎಂದು ಸತ್ಯಪ್ರಕಾಶರು ಇಂಗ್ಲಿಷಿನಲ್ಲಿ ಘೋಷಿಸಿ, ಕನ್ನಡಕ್ಕೆ ತಿರುಗಿದರು. "ಜಯಾ, ನಿನ್ನಿಂದಲೇ ಶುರು. ಮನಸ್ಸಿನಲ್ಲಿ ಏನಿದೆಯೋ ಹೇಳಮ್ಮ."

ಜಯಶೀಲಾ ಎದ್ದು ನಿಂತಳು. ನಿಂತವಳು ಹೋ ಎಂದು ಅತ್ತಳು.

"ನಿನಗೆ ಸುಳ್ಳು ಹೇಳಿ ಕಳಿಸೋಕ್ಕೆ ನನ್ ಕೈಲಾಗಲ್ಲ ಅಣ್ಣ! ಮಂಜೇಶ್ ಸ್ನಾನಕ್ಕೆ ಹೋಗಿಲ್ಲ. ಬೆಂಗಳೂರಿಗೆ ಹೋಗಿದಾರೆ!"

"ಸ್ನಾನಕ್ಕೆ ಬೆಂಗಳೂರಿಗಾ?"

"ಜಗಳ ಆಡ್ಕೊಂಡು ಹೋಗಿದಾರಣ್ಣ! ಅವರಿಗೆ ಇಲ್ಲಿ ಇರೋಕ್ಕಿಷ್ಟ ಇಲ್ಲ, ನನಗೆ ವಾಪಸ್ ಹೋಗೋಕ್ಕಿಷ್ಟ ಇಲ್ಲ. ಆಗಸ್ಟಿಂದ ನಾನೊಬ್ಬಳೇ ಇದೀನಿ."

ಏನಾಯಿತೆಂದು ಮೇಡಂ ಆತಂಕದಿಂದ ಕೇಳಿದರು. ಸ್ಪಂದನಾ ಪರದೆಯ ಕಡೆ ಬಾಗಿ, "ಶೀ ಸೇಸ್ ಅಂಕಲ್ ಈಸ್ ನಾಟ್ ಇನ್ ದ ಬಾತ್," ಎಂದು ಅನುವಾದಿಸಿದಳು. ಒಹಾಯೋದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸತ್ಯಪ್ರಕಾಶರಿಗೆ ಎದ್ದು ಕೂಗಾಡಬೇಕೆನ್ನಿಸಿತು. ಆದರೆ ಮೇಡಂ ನೋಡುತ್ತಿದ್ದರು. ಹಲ್ಲು ಕಿರಿದು, "ವೆರಿ ಗುಡ್, ವೆರಿ ಗುಡ್," ಎಂದು ತಂಗಿಯ ಬೆನ್ನು ತಟ್ಟಿದರು. ಅಣ್ಣ ಇಷ್ಟು ಸಾಧುವಾದದ್ದನ್ನು ಕಂಡು ಅವಳ ಅಳು ಇನ್ನಷ್ಟು ಜೋರಾಯಿತು.

ಇದೇ ಸಮಯವೆಂದು ಗುರುದತ್ ಕಣ್ಣು ಮುಚ್ಚಿಕೊಂಡು ಎದ್ದ. "ನಾನು ಮದುವೆ ಆಗಿದೀನಿ ಅಣ್ಣ. ಗಾಲ್ವೇಲಿ, ರಿಜಿಸ್ಟ್ರಾರ್ ಆಫೀಸಲ್ಲಿ. ಹುಡುಗಿ ಹೆಸರು ವೆನಿಸ್ಸಾ. ಮಂಗಳೂರು ಕಡೆ ಕ್ಯಾಥೊಲಿಕ್ಸ್. ನಮ್ಮ ಆಫೀಸಲ್ಲೇ ಇದಾಳೆ. ನೀನು ಬೇಡ ಅಂತೀಯ ಅಂತ ಹೆದರಿಕೊಂಡು ಹೇಳ್ಲಿಲ್ಲ. ಆಶೀರ್ವಾದ ಮಾಡ್ದೇ ಹೋಗ್ಬೇಡ ಅಣ್ಣ!"

"ಹಿ ಗಾಟ್ ಮ್ಯಾರೀಡ್," ಎಂದಳು ಸ್ಪಂದನಾ, ತಾನೇ ಬೆರಗಾಗಿ. ಒಹಾಯೋದಿಂದ ದೊಡ್ಡ ಹರ್ಷೋದ್ಗಾರ ಕೇಳಿಸಿತು. ಮೇಡಂನ ಗಂಡ ಗ್ಲಾಸು ಎತ್ತಿದ. ಎಲ್ಲರೂ ಸತ್ಯಪ್ರಕಾಶರನ್ನೇ ನೋಡುತ್ತಿದ್ದರು. ಅವರ ಕಿವಿಗಳು ಪೇಟದ ಅಂಚಿನವರೆಗೆ ಕೆಂಪಾಗಿದ್ದವು. ಕೈ ಮಾತ್ರ ತಾನಾಗಿ ಮೇಲೆದ್ದು, ಆಶೀರ್ವಾದದ ಭಂಗಿಯಲ್ಲಿ ತಮ್ಮನ ತಲೆಯ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಅವನ ಕೂದಲನ್ನು ಬಲವಾಗಿ ಹಿಡಿದು ತಿರುಚಿತು.

"ಇನ್ನು ಎಷ್ಟು ದಿನ ಅಂದಿದಾರೆ ಅಣ್ಣ?" ಎಂದು ಕೇಳಿಯೇಬಿಟ್ಟ ಗುರುದತ್, ನೋವಿನಿಂದಲೋ ದುಃಖದಿಂದಲೋ.

"ಯಾರು? ಏನು ಎಷ್ಟು ದಿನ?"

"ಸಾಕು ಅಣ್ಣ, ನಮ್ಮ ಹತ್ರ ಮುಚ್ಚಿಡ್ಬೇಡ!" ಎಂದಳು ಜಯಶೀಲಾ. "ನೀನು ಸಾಯ್ತಿದೀಯ ಅಂತ ನಮಗೆ ಗೊತ್ತು!"

ಸ್ಪಂದನಾ ಪರದೆಯ ಕಡೆ ತಿರುಗಿ, "ಅಂಡ್ ಅಪ್ಯಾರೆಂಟ್ಲಿ ಡ್ಯಾಡ್ ಈಸ್ ಡೈಯಿಂಗ್?" ಎಂದಳು.

ಒಹಾಯೋದಲ್ಲಿ ಎತ್ತಿದ್ದ ಗ್ಲಾಸು ಕೆಳಗಿಳಿಯಿತು. ಮೇಡಂ ಬಾಯಿಗೆ ಕೈಯಿಟ್ಟುಕೊಂಡರು.

"ನೋ ನೋ ಮೇಡಂ! ಐ ಆಮ್ ಗ್ರ್ಯಾಂಡ್! ಐ ಆಮ್ ಗ್ರ್ಯಾಂಡ್!" ಎಂದು ಸತ್ಯಪ್ರಕಾಶರು ಕೂಗಿ ಏಳಲು ಹೋದರು. ಕಂಬಳಿ ಕಾಲಿಗೆ ಸಿಕ್ಕಿತು. ಅವರು ಬಿದ್ದು ಪರದೆಯಿಂದ ಮಾಯವಾದರು. ಕೆಳಗಿನಿಂದ ಕೆಮ್ಮು ಮಾತ್ರ ಕೇಳಿಸಿತು. ಮೇಡಂ ಅಳುತ್ತಲೇ ಹೇಳಿದರು: ಇಷ್ಟು ನಿಜವಾದ ಥ್ಯಾಂಕ್ಸ್‌ಗಿವಿಂಗನ್ನು ನಾನು ಕಂಡಿಲ್ಲ, ಸತ್ಯಪ್ರಕಾಶ್ ಎಷ್ಟು ಬೇಕಾದರೂ ರಜೆ ತೆಗೆದುಕೊಳ್ಳಬಹುದು, ಹೊಸ ಪ್ರಾಜೆಕ್ಟಿನ ಚಿಂತೆಯೇ ಬೇಡ, ಅದನ್ನು ಇವತ್ತೇ ಬೇರೆಯವರಿಗೆ ಕೊಡುತ್ತೇನೆ. ಪರದೆ ಕಪ್ಪಾಯಿತು.

ಸತ್ಯಪ್ರಕಾಶರು ಟೇಬಲ್ಲಿನ ಅಂಚು ಹಿಡಿದು ಮೆಲ್ಲಗೆ ಮೇಲೆದ್ದರು.

"ನೀನು ಸಾಯ್ತಿಲ್ವಾ?" ಎಂದು ಕೇಳಿದಳು ಜಯಶೀಲಾ.

"ಇಲ್ಲಮ್ಮ."

"ಸತ್ಯವಾಗ್ಲೂ?"

"ದೇವರಾಣೆ ಇಲ್ಲ. ಬರೀ ನೆಗಡಿ," ಎಂದರು ಸತ್ಯಪ್ರಕಾಶರು, ತಪ್ಪು ಮಾಡಿದವರ ಹಾಗೆ.

"ಮತ್ತೆ ಥ್ಯಾಂಕ್ಸ್ ಯಾಕೆ ಹೇಳ್ದೆ?" ಜಯಶೀಲಾಳ ದನಿ ಏರಿತು. "ಮೇಡಂಗೆ ತೋರಿಸೋಕ್ಕಾ? ನಿನಗೆ ಸಾಯೋ ಉದ್ದೇಶವೇ ಇಲ್ಲದಿದ್ರೆ ಮೊದಲೇ ಹೇಳ್ಬೇಕು ತಾನೇ? ನಾನ್ಯಾಕೆ ಊರಿಗೆಲ್ಲಾ ಕೇಳೋ ಹಾಗೆ ನನ್ ಸಂಸಾರ ಹೇಳ್ಕೊಂಡೆ? ಅಮೆರಿಕಕ್ಕೂ ಗೊತ್ತಾಯ್ತಲ್ಲೋ!"

"ನನ್ನನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ದೆ," ಎಂದಳು ಶರ್ಮಿಳಾ ಶಾಂತವಾಗಿ. "ಇವರಿಗೆ ತಮ್ಮ ಸಾಕ್ಸ್ ಎಲ್ಲಿದೆ ಅಂತಲೇ ಗೊತ್ತಾಗಲ್ಲ. ನನ್ನನ್ನ ಕೇಳ್ದೆ ಇವರು ಎಲ್ಲಿ ಸಾಯ್ತಾರೆ?"

ಸತ್ಯಪ್ರಕಾಶರು ಆ ಅವಮಾನವನ್ನೆಲ್ಲ ಒಟ್ಟುಗೂಡಿಸಿ ತಮ್ಮನ ಕಡೆ ತಿರುಗಿದರು. "ನೀನು! ಮದುವೆ ಆಗಿದೀಯ! ನಿನ್ನ ಸಾಕಿದ ನಾನು ಬದುಕಿದ್ದೀನೋ ಸತ್ತಿದ್ದೀನೋ ಅಂತ ಕೂಡ ಕೇಳ್ದೆ..."

"ಅದನ್ನ ಕೇಳೋಕ್ಕೇ ಬಂದಿದ್ದಲ್ವಾ ಅಣ್ಣ?"

"ಬಾಯಿ ಮುಚ್ಚು! ಎಲ್ಲಿದಾಳೆ ಅವಳು?"

ಗುರುದತ್ ನೆಲ ನೋಡಿದ. "ಕಾರಲ್ಲಿ ಕೂತಿದಾಳೆ. ತಿರುವಿನಲ್ಲಿ."

"ಅಯ್ಯೋ, ಈ ಚಳೀಲಾ?" ಎಂದಳು ಶರ್ಮಿಳಾ.

ಯಾರೂ ತಡೆಯುವ ಮುಂಚೆ ಸತ್ಯಪ್ರಕಾಶರು ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡರು. ಮನೆತನ ಎಂದರೇನು, ಹಿರಿಯರು ಎಂದರೇನು, ಒಂದು ಮಾತು ಕೇಳುವುದಕ್ಕೆ ಏನಾಗಿತ್ತು. ತುಂತುರು ಮಳೆ ಪೇಟವನ್ನು ನೆನೆಸುತ್ತಿತ್ತು. ಕಾರಿನ ಗಾಜು ತಟ್ಟುವ ಮುಂಚೆಯೇ ಒಳಗಿದ್ದ ಹುಡುಗಿ ಗಾಬರಿಯಿಂದ ಬಾಗಿಲು ತೆರೆದಳು.

"ಅಯ್ಯೋ ಭಾವ, ನೀವು ಎಂತಕ್ಕೆ ಹೊರಗೆ ಬಂದದ್ದು? ಮಳೆ ಉಂಟಲ್ಲ! ಬನ್ನಿ, ಒಳಗೆ ಕೂತ್ಕೊಳ್ಳಿ, ಹೀಟರ್ ಹಾಕ್ತೇನೆ."

ಅವಳು ಡ್ರೈವರ್ ಸೀಟಿಗೆ ಸರಿದು, ಅವರನ್ನು ತನ್ನ ಸೀಟಿಗೆ ಎಳೆದುಕೊಂಡಳು. ಸೀಟು ಬಿಸಿಯಾಗತೊಡಗಿತು. ಸಿದ್ಧಮಾಡಿಕೊಂಡಿದ್ದ ಮಾತುಗಳು ಆ ಬಿಸಿಗೆ ಒಂದೊಂದಾಗಿ ಕರಗಿದವು. ಹುಡುಗಿಯ ಕಣ್ಣು ಅತ್ತು ಊದಿತ್ತು. ಮಡಿಲಲ್ಲಿ ಮಲ್ಲಿಗೆಯ ಬದಲು ಅಂಗಡಿಯ ಬಿಳಿ ಹೂವಿನ ಗೊಂಚಲೊಂದು ಬಾಡುತ್ತಿತ್ತು.

"ಒಳಗೆ ಬರಲಿಕ್ಕೆ ಧೈರ್ಯ ಬರಲಿಲ್ಲ ಭಾವ," ಎಂದಳು. "ನಮ್ಮ ಮಮ್ಮಿ ಮದುವೆಯ ಸುದ್ದಿ ಕೇಳಿದ ಮೇಲೆ ನನ್ನ ಹತ್ರ ಮಾತಾಡುವುದೇ ಇಲ್ಲ. ನಿಮಗೂ ಬೇಡ ಆದ್ರೆ ನಮಗೆ ಅಂತ ಯಾರೂ ಇಲ್ಲ. ಗುರು ದಿನಾ ಹೇಳುವುದು ನಿಮ್ಮ ಸುದ್ದಿಯೇ. ಅಣ್ಣ ಬೈತಾರೆ, ಅಣ್ಣ ಬೈತಾರೆ ಅಂತ." ಅವಳು ಮೂಗು ಒರೆಸಿಕೊಂಡಳು. "ಬೈಯುವುದಿದ್ರೆ ಈಗಲೇ ಬೈಯಿರಿ ಭಾವ. ಆಮೇಲೆ ನಿಮಗೆ... ಡಾಕ್ಟರು ಎಷ್ಟು ಟೈಮ್ ಅಂತ ಹೇಳಿದ್ದು?"

ಸತ್ಯಪ್ರಕಾಶರು ಬಾಯಿ ತೆರೆದರು. ಬೈಗುಳ ಹುಡುಕಿದರು. ಸಿಗಲಿಲ್ಲ.

"ಖಚಿತವಾಗಿ ಹೇಳೋಕ್ಕಾಗಲ್ಲಮ್ಮ," ಎಂದರು. "ಶುಗರ್ ನೋಡ್ಕೊಂಡ್ರೆ ಇನ್ನೊಂದು ನಲವತ್ತು ವರ್ಷ ಆಗ್ಬಹುದು."

ವೆನಿಸ್ಸಾ ಅವರನ್ನೇ ನೋಡಿದಳು. ಅರ್ಥವಾಗಲು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವಳು ನಗುತ್ತ ಸ್ಟಿಯರಿಂಗ್ ಮೇಲೆ ಬಗ್ಗಿದ ರಭಸಕ್ಕೆ ಹಾರ್ನ್ ಹೊಡೆದು, ಇಡೀ ಬೀದಿಯ ಕಿಟಕಿಗಳ ಪರದೆಗಳು ಅಲುಗಾಡಿದವು. ಅವಳು ಅಷ್ಟು ನಕ್ಕಿದ್ದರಿಂದ ಸತ್ಯಪ್ರಕಾಶರಿಗೂ ನಗಬೇಕಾಯಿತು. ಆ ದಿನ ಅವರ ಮಾತಿಗೆ ನಕ್ಕವಳು ಅವಳೊಬ್ಬಳೇ.

ಅವರು ಅವಳನ್ನು ಮುಂದಿಟ್ಟುಕೊಂಡು ಮನೆಗೆ ಬಂದರು. ಶರ್ಮಿಳಾ ಬಾಗಿಲಲ್ಲೇ ತಡೆದು, ಕುಂಕುಮದ ಬಟ್ಟಲು ತಂದು, ಬಲಗಾಲಿಟ್ಟು ಬಾ ಎಂದಳು. ಗುರುದತ್ ಅಡುಗೆಮನೆಗೆ ಓಡಿಹೋಗಿ ಅತ್ತ. ತಟ್ಟೆಗೆ ಬಿಸಿಬೇಳೆಬಾತು ಬಿತ್ತು. ಅಷ್ಟರಲ್ಲಿ ಮೂಲೆಯಲ್ಲಿ ಸಿಟ್ಟಾಗಿ ಕೂತಿದ್ದ ಜಯಶೀಲಾಳ ಫೋನ್ ಗುಣುಗುಟ್ಟಿತು. ನೋಡಿದವಳು ಬಿಳಿಚಿಕೊಂಡಳು.

"ಅಣ್ಣ... ಮಂಜೇಶ್ ಮೆಸೇಜ್. ಅಬುಧಾಬಿ ಏರ್‌ಪೋರ್ಟಲ್ಲಿ ಇದಾರೆ."

"ಅಲ್ಲೇನು ಮಾಡ್ತಿದಾರೆ?"

"ಮೊನ್ನೆ ಅಳು ಬಂದು ಅವರಿಗೂ ಹೇಳಿಬಿಟ್ಟಿದ್ದೆ. ಅಣ್ಣ ಉಳಿಯಲ್ಲ ಅಂತ. ನಿನ್ನನ್ನ ಕೊನೇ ಸಲ ನೋಡೋಕ್ಕೆ ಬರ್ತಿದಾರೆ. ಬೆಳಿಗ್ಗೆ ಡಬ್ಲಿನ್. ಈಗ ವಿಡಿಯೋ ಕಾಲ್ ಮಾಡ್ತಾರಂತೆ." ಅವಳು ಅಣ್ಣನನ್ನು ನೋಡಿದಳು. ಅವಳ ದನಿಯಲ್ಲಿ ಈಗ ಸಿಟ್ಟು ಉಳಿದಿರಲಿಲ್ಲ. "ನೀನು ಚೆನ್ನಾಗಿದೀಯ ಅಂತ ಗೊತ್ತಾದ್ರೆ ಅವರು ಅಲ್ಲಿಂದಲೇ ವಾಪಸ್ ಹೋಗ್ತಾರಣ್ಣ. ಒಂದ್ಸಲ ನಾವಿಬ್ರೂ ಮುಖ ನೋಡಿ ಮಾತಾಡಿದ್ರೆ ಸಾಕಿತ್ತು. ಒಂದೇ ಒಂದ್ಸಲ."

ಸತ್ಯಪ್ರಕಾಶರು ಎತ್ತಿದ್ದ ತುತ್ತನ್ನು ಬಾಯಿಗೆ ತುರುಕಿಕೊಂಡು, ತಟ್ಟೆಯನ್ನು ಸೋಫಾದ ಕೆಳಗೆ ತಳ್ಳಿ, ಅದರ ಮೇಲೆ ಉದ್ದಕ್ಕೆ ಮಲಗಿದರು. ಯಾರೂ ಏನೂ ಹೇಳಬೇಕಾಗಲಿಲ್ಲ. ಶರ್ಮಿಳಾ ಕಂಬಳಿಯನ್ನು ಗದ್ದದವರೆಗೆ ಎಳೆದಳು. ವೆನಿಸ್ಸಾ ದೊಡ್ಡ ದೀಪ ಆರಿಸಿದಳು. ಗುರುದತ್ ನಾಡಿ ಹಿಡಿದುಕೊಂಡು ತಲೆಯ ಬಳಿ ಕೂತ. ಸ್ಪಂದನಾ ಅಪ್ಪನ ಮುಖಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಬಳಿದಳು.

ಫೋನ್ ರಿಂಗಾಯಿತು. ಜಯಶೀಲಾ ಕಣ್ಣೊರೆಸಿಕೊಂಡು ಅದನ್ನು ಅಣ್ಣನ ಮುಖದ ಮೇಲೆ ಹಿಡಿದಳು. ಅಬುಧಾಬಿಯ ಝಗಝಗಿಸುವ ಬೆಳಕಿನಲ್ಲಿ ಮಂಜೇಶನ ಗಡ್ಡ ಬೆಳೆದ ಮುಖ ಕಾಣಿಸಿತು. ಬಹಳ ದಿನದಿಂದ ಸ್ನಾನ ಮಾಡಿದಂತೆ ತೋರಲಿಲ್ಲ.

"ಭಾವ," ಎಂದ ಮಂಜೇಶ್, ಗದ್ಗದವಾಗಿ. "ನಾನು ಬರ್ತಿದೀನಿ. ನಾನು ಬರೋ ತನಕ ಇರ್ತೀರಾ?"

"ಪ್ರಯತ್ನ ಪಡ್ತೀನಪ್ಪಾ," ಎಂದರು ಸತ್ಯಪ್ರಕಾಶರು ಕ್ಷೀಣ ದನಿಯಲ್ಲಿ, ಬಾಯಲ್ಲಿದ್ದ ತುತ್ತನ್ನು ಒಂದು ಕೆನ್ನೆಗೆ ಸರಿಸಿಕೊಂಡು.